ಬಿಲ್ಲಿಂಗ್ ಡೇಟಾಬೇಸಿನಿಂದ ಡ್ಯಾಶ್‌ಬೋರ್ಡಿಗೆ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಅಂಗಡಿ, ಫೌಂಡ್ರಿ, ಕೋಲ್ಡ್ ಸ್ಟೋರೇಜ್, ಡೇರಿಗಳವರು ಕೇಳುವ ಪ್ರಶ್ನೆಗಳು ಇವು. ಬಿಲ್‌ಗಳೆಲ್ಲ ಕೂತಿರುವ ಡೇಟಾಬೇಸನ್ನು ಅನಾಲಿಟಿಕ್ಸ್ ಸರ್ವಿಸ್‌ಗೆ, ಅಂದರೆ ಲೆಕ್ಕ ಕೂಡಿಸಿ ಚಾರ್ಟ್ ಮಾಡಿ ತೋರಿಸುವ ಸಾಫ್ಟ್‌ವೇರಿಗೆ, ಜೋಡಿಸುವುದು ಈಗ ದೊಡ್ಡ ಕೆಲಸವೇನಲ್ಲ. ಡ್ಯಾಶ್‌ಬೋರ್ಡಿನ (ಆ ಚಾರ್ಟ್‌ಗಳು ಕಾಣುವ ಪರದೆಯ) ಮೊತ್ತವೂ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಮೊತ್ತವೂ ತಾಳೆಯಾಗುವ ಹಾಗೆ ಜೋಡಿಸುವುದು ಮಾತ್ರ ಕೆಲಸ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಕೆಲವು ಉದ್ದ, ಕೆಲವು ಎರಡೇ ಸಾಲು.

ಈ "ಆಟೊಮೇಶನ್" ಅಂದರೆ ಕೊನೆಗೆ ಏನು ಮಾಡುತ್ತದೆ?

ಈಗ ನಿಮ್ಮಲ್ಲಿ ಏನು ನಡೀತಿದೆ ನೋಡಿ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬ ಹುಡುಗ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಎಕ್ಸೆಲ್ ಇಳಿಸುತ್ತಾನೆ, ಬೇಡದ ಕಾಲಮ್ ಅಳಿಸುತ್ತಾನೆ, ಎರಡನೇ ಬ್ರಾಂಚಿನ ಫೈಲ್ ಬರುವವರೆಗೂ ಕಾಯುತ್ತಾನೆ, ಎರಡನ್ನೂ ಕೂಡಿಸಿ ಸಾವಕಾರರ ವಾಟ್ಸ್ಆಪ್‌ಗೆ ಕಳಿಸುತ್ತಾನೆ. ಅವನು ರಜೆ ಹಾಕಿದ ದಿನ ಲೆಕ್ಕವೂ ರಜೆ. ಇದೇ ಕೆಲಸವನ್ನು ಹೇಳಿದ ಹೊತ್ತಿಗೆ ತಾನಾಗಿ ಮಾಡುವುದಕ್ಕೆ ವರ್ಕ್‌ಫ್ಲೋ ಅನ್ನುತ್ತಾರೆ. ಡೇಟಾಬೇಸಿನಿಂದ ಹೊಸ ಸಾಲುಗಳನ್ನು ಎತ್ತುತ್ತದೆ, ಸ್ವಲ್ಪ ಸ್ವಚ್ಛ ಮಾಡುತ್ತದೆ, ಅನಾಲಿಟಿಕ್ಸ್ ಕಡೆಗೆ ತಲುಪಿಸುತ್ತದೆ, ಏನಾದರೂ ಕೆಟ್ಟರೆ ಮೆಸೇಜ್ ಕಳಿಸುತ್ತದೆ. ಇಷ್ಟೇ.

ನಮಗೆ ಇದು ಬೇಕೇ ಬೇಕಾ?

ಒಂದೇ ಅಂಗಡಿ, ಒಂದೇ ಕೌಂಟರ್, ಒಂದೇ ಸಾಫ್ಟ್‌ವೇರ್ ಇದ್ದರೆ ಬೇಡ. ಅದರಲ್ಲೇ ಇರುವ ರಿಪೋರ್ಟ್ ಸಾಕು. ಸುಮ್ನೆ ದುಡ್ಡು ಹಾಕಬೇಡಿ.

ಬೇಕಾಗುವುದು ಎರಡು ಕಡೆಯ ಲೆಕ್ಕ ಒಂದಾಗಬೇಕಾದಾಗ. ಇಳಕಲ್‌ನಲ್ಲಿ ಸೀರೆ ಸಗಟು, ಜೊತೆಗೆ ಆನ್‌ಲೈನ್ ಮಾರಾಟ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಅದರ ಉತ್ಪಾದನೆ ಒಂದು ಸಾಫ್ಟ್‌ವೇರಿನಲ್ಲಿ, ಡಿಸ್ಪ್ಯಾಚ್ ಇನ್ನೊಂದರಲ್ಲಿ. ವಿಜಯಪುರದ ಕೋಲ್ಡ್ ಸ್ಟೋರೇಜಿನಲ್ಲಿ ಯಾವ ರೈತರ ಒಣದ್ರಾಕ್ಷಿ ಎಷ್ಟು ದಿನದಿಂದ ಕೂತಿದೆ, ಬಾಡಿಗೆ ಎಷ್ಟು ಬಾಕಿ ಅನ್ನೋದು. ಇಂಥ ಕಡೆ ಇದು ಕೆಲಸಕ್ಕೆ ಬರುತ್ತದೆ.

ಶುರು ಮಾಡುವ ಮೊದಲು ದಿನಾ ಬೆಳಿಗ್ಗೆ ನಿಮಗೆ ಗೊತ್ತಾಗಬೇಕಾದ ಮೂರು ಸಂಖ್ಯೆ ಯಾವುವು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬರೆಯೋಕೆ ಆಗಲಿಲ್ಲ ಅಂದರೆ ಡ್ಯಾಶ್‌ಬೋರ್ಡ್ ಮಾಡಿಸಿದರೂ ಯಾರೂ ತೆರೆದು ನೋಡುವುದಿಲ್ಲ.

ಯಾವ ಟೂಲ್ ಹಾಕೋಣ?

ಮೊದಲು ಒಂದು ಮಾತು. ನಿಮ್ಮದು ಒಂದೇ ಡೇಟಾಬೇಸ್ ಆಗಿದ್ದು ಚಾರ್ಟ್ ನೋಡೋದಷ್ಟೇ ಬೇಕಿದ್ದರೆ ವರ್ಕ್‌ಫ್ಲೋ ಬೇಕಾಗಿಯೇ ಇಲ್ಲ. ಮೆಟಾಬೇಸ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಹಾಕಿಕೊಂಡು ನೇರವಾಗಿ ನಿಮ್ಮ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಜೋಡಿಸಿ. ಮುಗೀತು. ಆಟೊಮೇಶನ್ ಮಾರುವವರು ಇದನ್ನು ಹೇಳುವುದಿಲ್ಲ.

ಎರಡು ಮೂರು ಕಡೆಯಿಂದ ಡೇಟಾ ಸೇರಬೇಕು ಅಂದಾಗ ಝೇಪಿಯರ್, ಮೇಕ್, ಎನ್8ಎನ್ ಅನ್ನುವ ವರ್ಕ್‌ಫ್ಲೋ ಟೂಲ್‌ಗಳು ಬರುತ್ತವೆ. ಝೇಪಿಯರ್, ಮೇಕ್ ಕ್ಲೌಡ್‌ನಲ್ಲೇ, ಅಂದರೆ ಇಂಟರ್ನೆಟ್ಟಿನ ಆಚೆ ಅವರದೇ ಕಂಪ್ಯೂಟರುಗಳಲ್ಲಿ, ನಡೆಯುತ್ತವೆ. ಕೂತ ಕೂತಲ್ಲೇ ಜೋಡಿಸಬಹುದು, ಆದರೆ ಓಡಿದಷ್ಟೂ ಬಿಲ್ ಬೆಳೆಯುತ್ತದೆ, ಸಾವಿರಾರು ಸಾಲುಗಳನ್ನು ಒಂದೊಂದಾಗಿ ಸಾಗಿಸಿದರೆ ತಿಂಗಳ ಕೊನೆಗೆ ನಿಮಗೇ ಗೊತ್ತಾಗುತ್ತದೆ. ಎನ್8ಎನ್ ಅನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ನಿಮ್ಮ ಒಳಗಿನ ಬಳಕೆಗೆ ಲೈಸನ್ಸ್ ದುಡ್ಡಿಲ್ಲ. ನೋಡಿಕೊಳ್ಳುವ ಕೆಲಸ ಮಾತ್ರ ನಿಮ್ಮದು. ನಮ್ಮ ಕಡೆಯ ಮಧ್ಯಮ ವ್ಯಾಪಾರಿಗಳಿಗೆ ನಾನು ಹೇಳುವುದು ಎನ್8ಎನ್. ಯಾಕೆ ಅನ್ನೋದು ಕೆಳಗೆ ಸ್ಟ್ಯಾಟಿಕ್ ಐಪಿ ಪ್ರಶ್ನೆಯ ಉತ್ತರದಲ್ಲಿದೆ.

ಚಾರ್ಟ್ ನೋಡೋದಕ್ಕೆ ಲುಕರ್ ಸ್ಟುಡಿಯೋ, ಪವರ್ ಬಿಐ, ಮೆಟಾಬೇಸ್ ಯಾವುದಾದರೂ ಆಗುತ್ತದೆ. ಇದರ ಬಗ್ಗೆ ಗಂಟೆಗಟ್ಟಲೆ ವಾದ ಮಾಡಬೇಡಿ.

ಗೂಗಲ್ ಶೀಟ್ಸ್‌ಗೇ ಕಳಿಸಿದರೆ ಸಾಲದಾ?

ಮೊದಮೊದಲು ಸಾಕು. ಒಂದು ಶೀಟ್ಸ್ ಫೈಲಿಗೆ 1 ಕೋಟಿ ಸೆಲ್‌ಗಳ ಮಿತಿ ಇದೆ. 20 ಕಾಲಮ್ ಇದ್ದರೆ 5 ಲಕ್ಷ ಸಾಲು. ಆದರೆ ಅದಕ್ಕೂ ಬಹಳ ಮೊದಲೇ ಫೈಲ್ ತೆವಳೋಕೆ ಶುರುವಾಗುತ್ತದೆ. ದಿನದ ಮೊತ್ತ, ಬ್ರಾಂಚಿನ ಮೊತ್ತ ಇಂಥ ಕೂಡಿಸಿದ ಲೆಕ್ಕವನ್ನಷ್ಟೇ ಶೀಟ್ಸ್‌ಗೆ ಕಳಿಸಿ. ಪ್ರತಿ ಬಿಲ್ಲಿನ ಪ್ರತಿ ಐಟಂ ಕಳಿಸಬೇಡಿ.

ಇನ್ನೊಂದು ತೊಂದರೆ ಇದೆ. ಶೀಟ್ಸ್‌ನಲ್ಲಿ ಯಾರು ಬೇಕಾದರೂ ಮಧ್ಯ ಒಂದು ಕಾಲಮ್ ಸೇರಿಸುತ್ತಾರೆ, ತಲೆಬರಹ ಬದಲಿಸುತ್ತಾರೆ. ಮರುದಿನ ವರ್ಕ್‌ಫ್ಲೋ ಕೆಟ್ಟು ಕೂತಿರುತ್ತದೆ. ವರ್ಕ್‌ಫ್ಲೋ ಬರೆಯುವ ಶೀಟನ್ನು ಲಾಕ್ ಮಾಡಿ, ಮಂದಿಗೆ ನೋಡೋದಕ್ಕೆ ಬೇರೆ ಶೀಟ್ ಕೊಡಿ.

ಬಿಗ್‌ಕ್ವೆರಿ ಫ್ರೀ ಅಂತಾರಲ್ಲ, ಹೌದಾ?

ಬಿಗ್‌ಕ್ವೆರಿ ಅಂದರೆ ಗೂಗಲ್‌ನ ಕ್ಲೌಡ್ ಡೇಟಾಬೇಸ್. ಒಂದು ಮಟ್ಟದವರೆಗೆ ಅದು ಫ್ರೀ, ಹೌದು. ತಿಂಗಳಿಗೆ 10 ಜಿಬಿ ಸಂಗ್ರಹ, 1 ಟಿಬಿವರೆಗಿನ ಕ್ವೆರಿ (ಡೇಟಾ ಹುಡುಕಿ ಓದುವುದು) ಉಚಿತ. ನಮ್ಮ ಕಡೆಯ ಬಹುತೇಕ ವ್ಯಾಪಾರಕ್ಕೆ ಇದು ಧಾರಾಳ. ಆದರೆ ಕಾರ್ಡ್ ಕೊಡದೆ ಸ್ಯಾಂಡ್‌ಬಾಕ್ಸ್ ಅನ್ನುವ ಉಚಿತ ಪ್ರಯೋಗದ ಜಾಗದಲ್ಲೇ ಉಳಿದರೆ ಟೇಬಲ್‌ಗಳು 60 ದಿನಕ್ಕೆ ತಾವಾಗಿ ಅಳಿದು ಹೋಗುತ್ತವೆ. ಇದ್ದ ಸಾಲನ್ನು ತಿದ್ದೋಕೂ ಅಲ್ಲಿ ಬರುವುದಿಲ್ಲ. ದೀಪಾವಳಿ ಸೀಸನ್ನಿನ ಲೆಕ್ಕವನ್ನು ಯುಗಾದಿಗೆ ಹೋಲಿಸಿ ನೋಡೋಣ ಅಂತ ಕೂತವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಕಾರ್ಡ್ ಕೊಟ್ಟು ಗೂಗಲ್‌ನ ಬಿಲ್ಲಿಂಗ್ ಆನ್ ಮಾಡಿ, ಖರ್ಚು ಏರಿದರೆ ತಿಳಿಸುವ ಬಜೆಟ್ ಅಲರ್ಟ್ ಇಟ್ಟುಕೊಳ್ಳಿ. ಡೇಟಾಸೆಟ್ (ಟೇಬಲ್‌ಗಳ ಗುಂಪು) ಮಾಡುವಾಗಲೇ ಅದು ಇರುವ ಜಾಗಕ್ಕೆ ಮುಂಬೈ ರೀಜನ್ ಆರಿಸಿ. ಆಮೇಲೆ ಅದನ್ನು ಸುಮ್ನೆ ಬದಲಿಸೋಕೆ ಆಗೋದಿಲ್ಲ.

ನಮ್ಮದು ಟ್ಯಾಲಿ. ಅದರಿಂದಲೂ ಎಳೆಯಬಹುದಾ?

ಎಳೆಯಬಹುದು, ಆದರೆ ಬೇರೆ ದಾರಿಯಲ್ಲಿ. ಟ್ಯಾಲಿಪ್ರೈಮ್ ಒಳಗೆ ಮೈಎಸ್‌ಕ್ಯೂಎಲ್ ಇಲ್ಲ, ಅದು ತನ್ನದೇ ಫೈಲುಗಳಲ್ಲಿ ಇಟ್ಟುಕೊಳ್ಳುತ್ತದೆ. ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಸಾಮಾನ್ಯವಾಗಿ 9000ನೇ ಪೋರ್ಟಿನಲ್ಲಿ (ಬೇರೆ ಪ್ರೋಗ್ರಾಮುಗಳು ಬಂದು ಕೇಳುವ ಬಾಗಿಲು) ಎಕ್ಸ್‌ಎಂಎಲ್ ರೂಪದ ಕೋರಿಕೆಗಳಿಗೆ ಉತ್ತರ ಕೊಡುತ್ತದೆ. ವರ್ಕ್‌ಫ್ಲೋ ಅಲ್ಲಿಗೆ ಹೋಗಿ ವೋಚರ್‌ಗಳನ್ನು ಕೇಳಿ ತರುತ್ತದೆ.

ಆದರೆ ಟ್ಯಾಲಿ ತೆರೆದಿರಬೇಕು, ಆ ಕಂಪನಿ ಲೋಡ್ ಆಗಿರಬೇಕು. ರಾತ್ರಿ 2ಕ್ಕೆ ಟೈಮ್ ಇಟ್ಟು, 8ಕ್ಕೆ ಕಂಪ್ಯೂಟರ್ ಬಂದ್ ಮಾಡಿ ಮನೆಗೆ ಹೋದರೆ ಏನು ಬರುತ್ತದೆ? ಟ್ಯಾಲಿ ಇರುವವರು ಸಂಜೆ ಅಂಗಡಿ ಮುಚ್ಚುವ ಅರ್ಧ ಗಂಟೆ ಮೊದಲಿನ ಟೈಮ್ ಇಟ್ಟುಕೊಳ್ಳಿ. ಇಡೀ ವರ್ಷದ್ದನ್ನು ಒಂದೇ ಸಲ ಕೇಳಬೇಡಿ, ಕೌಂಟರಿನಲ್ಲಿ ಬಿಲ್ ಮಾಡುವವರಿಗೆ ಸ್ಕ್ರೀನ್ ನಿಂತುಬಿಡುತ್ತದೆ.

ಸರ್ವರ್ ಅಂಗಡಿಯಲ್ಲೇ ಇದೆ, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇಲ್ಲ. ಕ್ಲೌಡ್‌ನವರು ಒಳಗೆ ಹೇಗೆ ಬರುತ್ತಾರೆ?

ಬರೋದು ಬೇಡ. ನೀವೇ ಹೊರಗೆ ಕಳಿಸಿ.

ರೂಟರಿನಲ್ಲಿ 3306 ಪೋರ್ಟ್ ತೆರೆದುಕೊಡಿ ಅಂತ ಯಾರಾದರೂ ಹೇಳಿದರೆ ಅವರಿಗೆ ಚಹಾ ಕುಡಿಸಿ ಕಳಿಸಿಬಿಡಿ. ಅದು ಮೈಎಸ್‌ಕ್ಯೂಎಲ್ ಪೋರ್ಟ್, ಪೋಸ್ಟ್‌ಗ್ರೆಸ್‌ಗೆ 5432. ಇಂಟರ್ನೆಟ್ಟಿಗೆ ತೆರೆದ ಇಂಥ ಪೋರ್ಟುಗಳನ್ನು ಹುಡುಕುವುದೇ ಕೆಲಸವಾಗಿರುವ ಪ್ರೋಗ್ರಾಮುಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಇಷ್ಟಕ್ಕೂ ನಿಮ್ಮ ಬ್ರಾಡ್‌ಬ್ಯಾಂಡ್‌ನವರು ಒಂದೇ ಐಪಿಯನ್ನು ಹತ್ತಾರು ಮನೆಗೆ ಹಂಚಿದ್ದರೆ ಪೋರ್ಟ್ ತೆರೆದರೂ ಹೊರಗಿನಿಂದ ಯಾರೂ ಮುಟ್ಟೋಕೆ ಆಗುವುದಿಲ್ಲ.

ಎನ್8ಎನ್ ಹಾಕಿದ ಒಂದು ಸಣ್ಣ ಕಂಪ್ಯೂಟರನ್ನು ಅಂಗಡಿಯ ನೆಟ್‌ವರ್ಕ್‌ನಲ್ಲೇ ಇಡಿ. ಅದು ಒಳಗಿನಿಂದ ಡೇಟಾಬೇಸ್ ಓದುತ್ತದೆ, ಒಳಗಿನಿಂದಲೇ ಹೊರಗೆ ಕಳಿಸುತ್ತದೆ. ನಾನು ಎನ್8ಎನ್ ಅಂದಿದ್ದು ಇದಕ್ಕೇ. ಕ್ಲೌಡ್ ಟೂಲೇ ಬೇಕು ಅನ್ನುವವರು ಎಸ್‌ಎಸ್‌ಎಚ್ ಟನಲ್ ಅನ್ನುವ ಸುರಕ್ಷಿತ ದಾರಿ ಮಾಡಿಸಿಕೊಳ್ಳಬೇಕು.

ಬಿಲ್ಲಿಂಗ್ ನಿಧಾನ ಆಗುತ್ತಾ? ಡೇಟಾ ಅಳಿದು ಹೋದರೆ?

ವರ್ಕ್‌ಫ್ಲೋಗೆ ಓದೋದಕ್ಕೆ ಮಾತ್ರ ಅನುಮತಿ ಇರುವ ಬೇರೆ ಯೂಸರ್ ಮಾಡಿಸಿ. ಸೆಲೆಕ್ಟ್ (ಓದುವ) ಅನುಮತಿ ಬಿಟ್ಟರೆ ಮತ್ತೇನೂ ಬೇಡ, ಅದೂ ಬೇಕಾದ ಟೇಬಲ್‌ಗಳಿಗೆ ಮಾತ್ರ. ಆಗ ವರ್ಕ್‌ಫ್ಲೋ ಎಷ್ಟೇ ತಪ್ಪು ಮಾಡಿದರೂ ಒಂದು ಸಾಲನ್ನೂ ಅಳಿಸೋಕೆ ಬರುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಕೆಲಸ ಮುಗಿಸುವವರು ಬಹಳ ಜನ ಇದ್ದಾರೆ. ಒಪ್ಪಬೇಡಿ. ಹೊರೆಯ ಚಿಂತೆ ಇದ್ದರೆ ಸಂತೆ ದಿನದ ನಡು ಮಧ್ಯಾಹ್ನ ಓಡಿಸಬೇಡಿ, ಅಷ್ಟು ಸಾಕು.

ದಿನಾ ಪೂರ್ತಿ ಡೇಟಾ ಎಳೆಯಬೇಕಾ, ಹೊಸದನ್ನು ಮಾತ್ರವಾ?

ತಾಳೆಯಾಗದ ಲೆಕ್ಕಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಹುಟ್ಟುತ್ತವೆ. ಸ್ವಲ್ಪ ತಾಳ್ಮೆಯಿಂದ ಓದಿ.

ಒಟ್ಟು ಸಾಲು ಕೆಲವು ಸಾವಿರ ಇದ್ದರೆ ದಿನಾ ಪೂರ್ತಿ ಎಳೆದು ಹಳೆಯದನ್ನು ಅಳಿಸಿ ಹೊಸದಾಗಿ ತುಂಬಿ. ಇದಕ್ಕಿಂತ ಸರಳ ದಾರಿ ಇಲ್ಲ, ಕೆಡುವುದೂ ಕಡಿಮೆ. ಲಕ್ಷ ದಾಟಿದಾಗ ಹೊಸದನ್ನಷ್ಟೇ ಎಳೆಯುವ ಯೋಚನೆ ಮಾಡಿ.

ಹೊಸದು ಅಂದರೆ ಯಾವುದು? "ಇವತ್ತಿನ ತಾರೀಖಿನ ಬಿಲ್‌ಗಳು" ಅಂತ ಬರೆದರೆ ಕೆಟ್ಟಿತು. ಒಂದು ಬಿಲ್ ತೆಗೆದುಕೊಳ್ಳಿ. ಇಳಕಲ್‌ನ ಸಗಟು ಅಂಗಡಿ, 12ನೇ ತಾರೀಖು, ಸೊಲ್ಲಾಪುರದ ವ್ಯಾಪಾರಿಗೆ 40 ಸೀರೆ. 12ರ ರಾತ್ರಿ ವರ್ಕ್‌ಫ್ಲೋ 40 ಅಂತ ಕಳಿಸಿತು. 15ಕ್ಕೆ ಆ ವ್ಯಾಪಾರಿ ಸೆರಗಿನ ಬಣ್ಣ ಸರಿಯಿಲ್ಲ ಅಂತ 4 ವಾಪಸ್ ಕಳಿಸಿದರು, ಅಂಗಡಿಯಲ್ಲಿ ಅದೇ ಬಿಲ್ ತೆರೆದು 36 ಅಂತ ತಿದ್ದಿದರು. ಬಿಲ್ ತಾರೀಖು 12 ಹಾಗೇ ಇದೆ. 15ರ ರಾತ್ರಿ ವರ್ಕ್‌ಫ್ಲೋ ಕೇಳುವುದು 15ರ ಬಿಲ್‌ಗಳನ್ನು ಮಾತ್ರ. ಡ್ಯಾಶ್‌ಬೋರ್ಡಿನಲ್ಲಿ ಆ 4 ಸೀರೆ ಯಾವತ್ತೂ ಮಾರಾಟವಾದ ಲೆಕ್ಕದಲ್ಲೇ ಉಳಿಯುತ್ತವೆ.

ಅದಕ್ಕೇ ಬಿಲ್ ತಾರೀಖಿನ ಮೇಲೆ ಹೋಗದೆ, ಸಾಲು ಕೊನೆಯ ಸಲ ಬದಲಾದ ಸಮಯ ಇರುವ ಕಾಲಮ್ ಮೇಲೆ ಹೋಗಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಮಾಡುವಾಗಲೇ ಹೇಳಿದರೆ ಈ ಸಮಯ ತಾನಾಗಿ ಬದಲಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ಟ್ರಿಗರ್, ಅಂದರೆ ಸಾಲು ಬದಲಾದಾಗ ತಾನಾಗಿ ಓಡುವ ಸಣ್ಣ ಪ್ರೋಗ್ರಾಮ್, ಬರೆಯಬೇಕು. ವರ್ಕ್‌ಫ್ಲೋ ಕೊನೆಯ ಸಲ ಎಲ್ಲಿಯವರೆಗೆ ಓದಿತ್ತು ಅನ್ನೋದನ್ನು ಎಲ್ಲಾದರೂ ಬರೆದಿಟ್ಟುಕೊಂಡು, ಮುಂದಿನ ಸಲ ಅದಕ್ಕಿಂತ ಸ್ವಲ್ಪ ಹಿಂದಿನಿಂದ ಶುರು ಮಾಡಲಿ. ಒಂದು ಗಂಟೆ ಹಿಂದಿನಿಂದ ಅಂದರೂ ನಡೆಯುತ್ತದೆ.

ಆಗ ಕೆಲವು ಸಾಲು ಎರಡು ಸಲ ಬರುತ್ತವಲ್ಲ? ಬರಲಿ. ಬಿಲ್ ಸಂಖ್ಯೆ ಮೊದಲೇ ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಅಂತ ಬರೆಯುವ ವಿಧಾನಕ್ಕೆ ಅಪ್‌ಸರ್ಟ್ ಅನ್ನುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ 9.5ನೇ ಆವೃತ್ತಿಯಿಂದ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ ಇದೆ, ಬಿಗ್‌ಕ್ವೆರಿಯಲ್ಲಿ ಮರ್ಜ್ ಅಂತ ಇದೆ. ಇದನ್ನು ಹಾಕಿದ ಮೇಲೆ ವರ್ಕ್‌ಫ್ಲೋವನ್ನು ಒಂದೇ ದಿನ ಹತ್ತು ಸಲ ಓಡಿಸಿದರೂ ಮೊತ್ತ ಬದಲಾಗಬಾರದು. ಮಾಡಿಕೊಟ್ಟವರ ಎದುರಿಗೇ ಎರಡು ಸಲ ಓಡಿಸಿ ನೋಡಿ. ಮಾರಾಟ ದುಪ್ಪಟ್ಟಾದರೆ ಉಳಿದ ದುಡ್ಡು ಕೊಡಬೇಡಿ.

ಇನ್ನು ಅಳಿಸಿದ ಬಿಲ್. ಡೇಟಾಬೇಸಿನಿಂದ ಸಾಲೇ ಹೋಗಿಬಿಟ್ಟರೆ ವರ್ಕ್‌ಫ್ಲೋಗೆ ಅದು ಕಾಣುವುದೇ ಇಲ್ಲ. ಬಿಲ್ ಅಳಿಸಬೇಡಿ, ರದ್ದು ಅಂತ ಗುರುತು ಹಾಕಿ. ಸಾಫ್ಟ್‌ವೇರ್ ಬಿಡುವುದಿಲ್ಲ ಅಂದರೆ ವಾರಕ್ಕೊಮ್ಮೆ ಪೂರ್ತಿ ಎಳೆಯಿರಿ.

ರಾತ್ರಿ 2ಕ್ಕೆ ಇಟ್ಟಿದ್ದೇವೆ, ಮಧ್ಯಾಹ್ನ ಓಡುತ್ತಿದೆ. ಯಾಕೆ?

ಟೈಮ್‌ಝೋನ್. ನಿಮ್ಮ ಕಂಪ್ಯೂಟರಿನಲ್ಲೇ ಹಾಕಿದ ಎನ್8ಎನ್, ನೀವು ಹೇಳದಿದ್ದರೆ ನ್ಯೂಯಾರ್ಕ್ ಸಮಯ ಹಿಡಿಯುತ್ತದೆ. ಅಲ್ಲಿನ ರಾತ್ರಿ 2 ಅಂದರೆ ನಮಗೆ ಬೇಸಿಗೆಯಲ್ಲಿ ಬೆಳಿಗ್ಗೆ 11:30, ಚಳಿಗಾಲದಲ್ಲಿ ಮಧ್ಯಾಹ್ನ 12:30, ಯಾಕಂದರೆ ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಸೆಟ್ಟಿಂಗ್‌ನಲ್ಲಿ ಏಷ್ಯಾ/ಕೋಲ್ಕತಾ ಆರಿಸಿ. ಬಾಡಿಗೆಗೆ ಪಡೆದ ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಇರುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ನಮ್ಮ ರಾತ್ರಿ 2ಕ್ಕೆ 30 20 * * * ಅಂತ, ಅಂದರೆ ದಿನಾ 20:30ಕ್ಕೆ ಅಂತ, ಬರೆಯಬೇಕು.

ಓಡುವ ಹೊತ್ತು ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ಡೇಟಾದ ಒಳಗಿನ ಹೊತ್ತು ತಪ್ಪಿದರೆ ಕಾಣುವುದಿಲ್ಲ, ಅದು ಜಾಸ್ತಿ ಅಪಾಯ. ಹಾಲಿನ ಡೇರಿ ನೋಡಿ. 10ನೇ ತಾರೀಖು ಬೆಳಿಗ್ಗೆ 5ಕ್ಕೆ ಹಾಲು ಅಳೆದರೆ ಯುಟಿಸಿಯಲ್ಲಿ ಅದು 9ರ ರಾತ್ರಿ 11:30. ಡ್ಯಾಶ್‌ಬೋರ್ಡ್ ಯುಟಿಸಿ ದಿನದ ಪ್ರಕಾರ ಕೂಡಿಸಿದರೆ ಐದೂವರೆಗೆ ಮೊದಲು ಬಂದವರ ಹಾಲೆಲ್ಲ ಹಿಂದಿನ ದಿನಕ್ಕೆ ಹೋಗುತ್ತದೆ, ಆಮೇಲೆ ಬಂದವರದು ಇವತ್ತಿಗೆ. ತಿಂಗಳ ಮೊತ್ತ ಹೆಚ್ಚುಕಡಿಮೆ ಸರಿಯಾಗೇ ಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ದಿನದ ಲೆಕ್ಕ ಮಾತ್ರ ಒಂದೂ ತಾಳೆಯಾಗುವುದಿಲ್ಲ. ದಿನದ ತಾರೀಖನ್ನು ನಮ್ಮ ಸಮಯದ ಪ್ರಕಾರ ಬೇರೆ ಕಾಲಮ್‌ನಲ್ಲಿ ಬರೆದೇ ಕಳಿಸುವುದು ಒಳ್ಳೆಯದು.

ಕರೆಂಟ್ ಹೋಗಿ ಆ ಹೊತ್ತಿಗೆ ಓಡಲಿಲ್ಲ ಅಂದರೆ ಆ ದಿನದ ಲೆಕ್ಕ ಹೋಯ್ತಾ?

ಕೊನೆಗೆ ಓದಿದ ಜಾಗ ಬರೆದಿಟ್ಟುಕೊಳ್ಳುವ ಪದ್ಧತಿ ಇದ್ದರೆ ಹೋಗುವುದಿಲ್ಲ. ಮರುದಿನದ ಓಟ ಎರಡೂ ದಿನದ್ದನ್ನು ತರುತ್ತದೆ. "ನಿನ್ನೆಯದು ಮಾತ್ರ" ಅಂತ ಬರೆದಿದ್ದರೆ ಹೋಯ್ತು, ಯಾಕಂದರೆ ಕ್ರಾನ್ ತಪ್ಪಿದ ಸರದಿಯನ್ನು ಮತ್ತೆ ಓಡಿಸುವುದಿಲ್ಲ.

ಎಂಟು ದಿನದಿಂದ ಕೆಟ್ಟಿತ್ತು, ಯಾರಿಗೂ ಗೊತ್ತೇ ಆಗಲಿಲ್ಲ!

ಡ್ಯಾಶ್‌ಬೋರ್ಡ್ ಹಳೆಯ ಸಂಖ್ಯೆಯನ್ನೇ ತೋರಿಸುತ್ತಾ ಕೂತಿರುತ್ತದೆ, ಅಲ್ವಾ. ಮೂರು ಕೆಲಸ ಮಾಡಿಸಿ. ಕೆಟ್ಟರೆ ಇಮೇಲ್ ಅಥವಾ ಟೆಲಿಗ್ರಾಂ ಮೆಸೇಜ್ ಬರಲಿ. ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ ಕೊನೆಯ ಡೇಟಾ ಯಾವ ಹೊತ್ತಿನದು ಅಂತ ದಪ್ಪಕ್ಷರದಲ್ಲಿ ಕಾಣಲಿ. ಕೆಡದೇ ಓಡಿದರೂ ಒಂದೂ ಸಾಲು ಬರದಿದ್ದರೆ ಅದಕ್ಕೂ ಮೆಸೇಜ್ ಬರಲಿ. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಅಂಗಡಿಗೆ ವಾರದ ರಜೆ ಇರುವ ದಿನವನ್ನು ಮಾತ್ರ ಬಿಟ್ಟುಬಿಡಿ, ಇಲ್ಲದಿದ್ದರೆ ಪ್ರತಿ ವಾರ ಸುಳ್ಳು ಎಚ್ಚರಿಕೆ ಬಂದು ಬಂದು ಕೊನೆಗೆ ಯಾರೂ ಮೆಸೇಜ್ ತೆರೆಯುವುದೇ ಇಲ್ಲ.

ನಕ್ಷೆಯಲ್ಲಿ ವಿಜಯಪುರದ ಚುಕ್ಕೆ ದೇವನಹಳ್ಳಿ ಹತ್ತಿರ ಬಿದ್ದಿದೆ!

ಬೀಳುತ್ತದೆ. ಬೆಂಗಳೂರು ಗ್ರಾಮಾಂತರದಲ್ಲೂ ಒಂದು ವಿಜಯಪುರ ಇದೆ. ಹಳೆಯ ಹೆಸರು ಬಿಜಾಪುರ ಅಂತ ಕೊಟ್ಟರೆ ಛತ್ತೀಸ್‌ಗಢಕ್ಕೂ ಹೋದೀತು, ಅಲ್ಲೂ ಆ ಹೆಸರಿನ ಜಿಲ್ಲೆ ಇದೆ.

ಇದು ನಮ್ಮ ಕಡೆಯ ಡೇಟಾಗೆ ಅಂಟಿಕೊಂಡ ಕಾಯಿಲೆ. 2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರ ಅಂತ ಅಧಿಕೃತವಾಗಿ ಹೆಸರು ಬದಲಾಯಿತು. ಆದರೆ ನಿಮ್ಮ ಗ್ರಾಹಕರ ಪಟ್ಟಿಯಲ್ಲಿ ಅದಕ್ಕಿಂತ ಹಿಂದಿನ ಹೆಸರೂ ಇದೆ, ಹೊಸದೂ ಇದೆ, ಇಂಗ್ಲಿಷ್ ಸ್ಪೆಲ್ಲಿಂಗ್ ನಾಲ್ಕು ಥರ ಇದೆ, ಮರಾಠಿ ಉಚ್ಚಾರದ ಬೇಳಗಾಂವ್ ಇದೆ, ಹಿಂದೆ ಮುಂದೆ ಸ್ಪೇಸ್ ಇರುವುದೂ ಇದೆ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಊರು. ಬೆಳಗಾವಿಯ ಮಾರಾಟ ಐದು ಚೂರಾಗಿ ಹಂಚಿಹೋಗಿ, ಕಡಿಮೆ ಮಾರುವ ಬಾಗಲಕೋಟೆಯೇ ಪಟ್ಟಿಯಲ್ಲಿ ಮೊದಲಿಗೆ ಬಂದು ಕೂತುಬಿಡುತ್ತದೆ.

ಹೆಸರನ್ನು ನಂಬಬೇಡಿ, ಪಿನ್‌ಕೋಡ್ ಹಿಡಿಯಿರಿ. 590001 ಬೆಳಗಾವಿ, 587101 ಬಾಗಲಕೋಟೆ, 586101 ವಿಜಯಪುರ. ದೇವನಹಳ್ಳಿ ಕಡೆಯ ವಿಜಯಪುರದ್ದು 562ರಿಂದ ಶುರುವಾಗುತ್ತದೆ. ಪಿನ್‌ಕೋಡ್ ಇಲ್ಲದ ಹಳೆಯ ಗ್ರಾಹಕರಿಗೆ ಎರಡು ಕಾಲಮ್‌ನ ಒಂದು ಟೇಬಲ್ ಮಾಡಿ: ಡೇಟಾದಲ್ಲಿ ಇರುವ ಹೆಸರು, ಇರಬೇಕಾದ ಹೆಸರು. ವರ್ಕ್‌ಫ್ಲೋ ಪ್ರತಿ ಸಲ ಅದನ್ನು ನೋಡಿ ಬದಲಿಸಲಿ. ಪಟ್ಟಿಯಲ್ಲಿ ಇಲ್ಲದ ಹೊಸ ಹೆಸರು ಬಂದರೆ ಸುಮ್ನೆ ಬಿಡದೆ "ಗೊತ್ತಿಲ್ಲ" ಅನ್ನುವ ಗುಂಪಿಗೆ ಹಾಕಲಿ.

ಕನ್ನಡ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆ ಆಗಿವೆ.

ಡೇಟಾಬೇಸಿನ ಒಳಗೇ ಪ್ರಶ್ನೆ ಚಿಹ್ನೆ ಇದ್ದರೆ ಆ ಹೆಸರು ಹೋಯಿತು, ಮತ್ತೆ ಟೈಪ್ ಮಾಡಬೇಕು. ಇಂಗ್ಲಿಷಿನಂಥ ಲಿಪಿಯನ್ನಷ್ಟೇ ಹಿಡಿಯುವ ಲ್ಯಾಟಿನ್1 ಟೇಬಲ್‌ಗೆ ಕನ್ನಡ ತುಂಬಿದರೆ ಹೀಗಾಗುತ್ತದೆ. ಡೇಟಾಬೇಸಿನಲ್ಲಿ ಸರಿ ಇದ್ದು ಆಚೆ ಕಡೆ ಮಾತ್ರ ಕೆಟ್ಟಿದ್ದರೆ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ ಎಲ್ಲ ಭಾಷೆಯ ಅಕ್ಷರ ಹಿಡಿಯುವ ಯುಟಿಎಫ್8ಎಂಬಿ4 ಹಾಕಿ. ಎಕ್ಸೆಲ್‌ನಲ್ಲಿ ಸಿಎಸ್‌ವಿ ತೆರೆದಾಗ ಮಾತ್ರ ಕೆಡುತ್ತಿದ್ದರೆ ಡೇಟಾ ತಪ್ಪಲ್ಲ. ಡೇಟಾ ಟ್ಯಾಬಿನಿಂದ ಇಂಪೋರ್ಟ್ ಮಾಡಿ ಯುಟಿಎಫ್-8 ಆರಿಸಿ.

ಹಳೆಯ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಬೇರೆಯದೇ ಕಥೆ. ಅಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಚಿಹ್ನೆಗಳೇ, ಫಾಂಟ್ ಮಾತ್ರ ಕನ್ನಡವಾಗಿ ತೋರಿಸುತ್ತದೆ. ಕನ್ವರ್ಟರ್‌ನಲ್ಲಿ ಒಂದೇ ಸಲ ಯೂನಿಕೋಡ್ ಮಾಡಿಸಿ ಮುಗಿಸಿಬಿಡಿ. ದಿನಾ ವರ್ಕ್‌ಫ್ಲೋದಲ್ಲಿ ಬದಲಿಸುವ ಸಾಹಸ ಬೇಡ.

ಆನ್‌ಲೈನ್ ಆರ್ಡರ್‌ಗಳನ್ನು ಗೂಗಲ್ ಅನಾಲಿಟಿಕ್ಸ್‌ಗೆ ಕಳಿಸಬಹುದಾ?

ಕರದಂಟು, ಕುಂದಾ ಆನ್‌ಲೈನ್‌ನಲ್ಲಿ ಮಾರುವವರು ಕೇಳುವ ಪ್ರಶ್ನೆ. ಅದರ ಮೆಷರ್‌ಮೆಂಟ್ ಪ್ರೋಟೊಕಾಲ್ (ಹೊರಗಿನಿಂದ ಡೇಟಾ ಕಳಿಸುವ ದಾರಿ) ಮೂಲಕ ಕಳಿಸಬಹುದು. ಆದರೆ ಹಿಂದಿನ 72 ಗಂಟೆಯ ಘಟನೆಗಳಿಗಷ್ಟೇ ಹಿಂದಿನ ಸಮಯ ಹಾಕಿ ಕಳಿಸೋಕೆ ಬರುತ್ತದೆ, ಹಳೇ ವರ್ಷದ್ದೆಲ್ಲ ತುಂಬೋಕೆ ಆಗದು. ಕಳಿಸಿದ್ದು ತಪ್ಪಿದ್ದರೂ ಅದು ಸರಿ ಅಂತಲೇ ಉತ್ತರ ಕೊಡುತ್ತದೆ. ಅದಕ್ಕೇ ಮೊದಲು ಅದರ ಪರೀಕ್ಷೆಯ ವಿಳಾಸಕ್ಕೆ ಕಳಿಸಿ ನೋಡಬೇಕು. ಗ್ರಾಹಕರ ಫೋನ್ ನಂಬರ್, ಇಮೇಲ್ ಕಳಿಸಿದರೆ ಗೂಗಲ್ ನಿಯಮ ಮುರಿದ ಹಾಗೆ.

ಫೋನ್ ನಂಬರ್ ಕಳಿಸಬಾರದಾ? ನಮ್ಮದೇ ಗ್ರಾಹಕರಲ್ವಾ?

ಮಾರಾಟದ ಚಾರ್ಟಿಗೆ ಫೋನ್ ನಂಬರ್ ಯಾಕೆ ಬೇಕು? ಪ್ರತಿ ಗ್ರಾಹಕರಿಗೆ ನೀವು ಕೊಟ್ಟ ಗುರುತಿನ ಸಂಖ್ಯೆ ಸಾಕು. ಆಧಾರ್ ಅಂತೂ ಮುಟ್ಟಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಕಾಪಾಡದೆ ಡೇಟಾ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ಅಷ್ಟು ನಿಮಗೆ ಹಾಕಲಿಕ್ಕಿಲ್ಲ. ಆದರೂ ಕಳಿಸದೇ ಇದ್ದದ್ದು ಸೋರುವುದಿಲ್ಲ.

ರಿಯಲ್ ಟೈಮ್ ಬೇಕು, ಬಿಲ್ ಆದ ತಕ್ಷಣ ಕಾಣಬೇಕು.

ಕಂಡು ಏನು ಮಾಡುತ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ. ಬಹಳ ಜನರಿಗೆ ಗಂಟೆಗೊಮ್ಮೆ ಸಾಕು.

ಯಾರ ಕೈಲಿ ಮಾಡಿಸೋಣ? ಅಕೌಂಟ್ ಯಾರ ಹೆಸರಲ್ಲಿ ಇರಬೇಕು?

ಬೆಂಗಳೂರಿನಿಂದ ಯಾರನ್ನೂ ಕರೆಸಬೇಕಿಲ್ಲ. ನಮ್ಮ ಮೂರೂ ಊರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇರುವುದೇ ಬೆಳಗಾವಿಯಲ್ಲಿ. ಎಸ್‌ಕ್ಯೂಎಲ್ (ಡೇಟಾಬೇಸಿನ ಭಾಷೆ) ಚೆನ್ನಾಗಿ ಬರುವ ಹುಡುಗ ಹುಡುಗಿಯರು ಸಿಗುತ್ತಾರೆ. ಆದರೆ ಅವರಿಗೆ ನಿಮ್ಮ ವ್ಯಾಪಾರ ಗೊತ್ತಿರುವುದಿಲ್ಲ. ಸ್ಕೀಮಿನ ಮಾಲು, ಉದ್ರಿ, ವಾಪಸ್ ಬಂದ ಮಾಲು ಇವೆಲ್ಲ ನಿಮ್ಮಲ್ಲಿ ಹೇಗೆ ಬರೆಯುತ್ತಾರೆ ಅಂತ ಹಳೆಯ ಗುಮಾಸ್ತರನ್ನು ಒಂದು ದಿನ ಜೊತೆಗೆ ಕೂರಿಸಿ ಹೇಳಿಸಿ.

ಅಕೌಂಟ್ ಮಾತ್ರ ಕಂಪನಿಯ ಇಮೇಲಿನಲ್ಲೇ ಇರಲಿ. ಮಾಡಿಕೊಟ್ಟ ಹುಡುಗನ ಸ್ವಂತ ಜಿಮೇಲ್‌ನಲ್ಲಿ ಬಿಗ್‌ಕ್ವೆರಿ, ಅವನ ಲಾಗಿನ್‌ನಲ್ಲಿ ಲುಕರ್ ಸ್ಟುಡಿಯೋ ಇದ್ದರೆ, ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕ ದಿನ ನೀವು ಅವನ ಫೋನಿಗೆ ಕಾಯಬೇಕಾಗುತ್ತದೆ. ವರ್ಕ್‌ಫ್ಲೋಗೆ ಸರ್ವಿಸ್ ಅಕೌಂಟ್, ಅಂದರೆ ಯಾವ ವ್ಯಕ್ತಿಗೂ ಸೇರದ ಲಾಗಿನ್, ಮಾಡಿಸಿ. ಎನ್8ಎನ್‌ನ ಎನ್‌ಕ್ರಿಪ್ಶನ್ ಕೀ ಒಂದನ್ನು ಕಾಗದದಲ್ಲಿ ಬರೆದು ಕಪಾಟಿನಲ್ಲಿ ಇಡಿ. ಅದು ಕಳೆದರೆ ಬ್ಯಾಕಪ್ ಇದ್ದರೂ ಒಳಗಿನ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ, ಎಲ್ಲ ಕನೆಕ್ಷನ್ ಮತ್ತೆ ಮೊದಲಿನಿಂದ ಹಾಕಬೇಕು. ಕೊನೆಯ ಕಂತು ಕೊಡುವ ಮೊದಲು ಹಿಂದಿನ ತಿಂಗಳ ಯಾವುದಾದರೂ ಮೂರು ದಿನ ಆರಿಸಿ, ಬಿಲ್ಲಿಂಗ್ ಸಾಫ್ಟ್‌ವೇರಿನ ಮೊತ್ತ ಒಂದು ಕಡೆ, ಡ್ಯಾಶ್‌ಬೋರ್ಡಿನ ಮೊತ್ತ ಇನ್ನೊಂದು ಕಡೆ ಬರೆದು ನೋಡಿ. ಪೈಸೆ ಸಮೇತ ಕೂಡಬೇಕು. ರೌಂಡ್ ಆಫ್ ವ್ಯತ್ಯಾಸ ಅಂತ ಹೇಳಿದರೆ ಎಲ್ಲಿ ರೌಂಡ್ ಆಯಿತು ಅಂತ ತೋರಿಸಲಿ.